ಎಣ್ಣೆಯ ದೀಪ ಹತ್ತಿಕೊಂಡಾಗ

ಮೋಟಾರು ಕಾರನ್ನು ನಡೆಸುವವನ ಎದುರಿನ ಫಲಕದಲ್ಲಿ ಈಗ ಹತ್ತಾರು ದೀಪಗಳಿವೆ. ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದು ಹೇಳುವುದಕ್ಕೊಂದು, ಬೆಲ್ಟು ಕಟ್ಟಿಕೊಂಡಿಲ್ಲವೆಂದು ಗದರಿಸುವುದಕ್ಕೊಂದು, ಪೆಟ್ರೋಲು ಮುಗಿಯುತ್ತ ಬಂದಿತೆಂದು ನೆನಪಿಸುವುದಕ್ಕೆ ಮತ್ತೊಂದು. ಇವುಗಳಲ್ಲಿ ಬಹುಪಾಲು ತಾಳ್ಮೆಯುಳ್ಳವು. ನಾವು ಅಲಕ್ಷಿಸಿದರೂ ಮನೆ ತಲುಪುವವರೆಗೆ ಕಾಯುತ್ತವೆ. ಕಾಯದಿರುವ ದೀಪ ಒಂದಿದೆ. ಅದು ಕೆಂಪು ಬಣ್ಣದ್ದು. ನೀಳ ಮೂತಿಯ ಎಣ್ಣೆಯ ಗಿಂಡಿಯ ಆಕಾರ, ಮೂತಿಯ ತುದಿಯಲ್ಲಿ ಬೀಳಲಿರುವ ಒಂದು ತೊಟ್ಟು. ಮಕ್ಕಳ ಕಣ್ಣಿಗೆ ಅದು ಅಲ್ಲಾವುದ್ದೀನನ ದೀಪದಂತೆ ಕಾಣುವುದುಂಟು. ಬೀಗದ ಕೈ ತಿರುಗಿಸಿದಾಗ ಹೊತ್ತಿ, ಇಂಜಿನು ಚಾಲೂ ಆದ ಎರಡು ಮೂರು ಸೆಕೆಂಡುಗಳಲ್ಲಿ ಆರಿಹೋಗುವುದು ಅದರ ಧರ್ಮ. ಆರಿದ ಮೇಲೆ ಮತ್ತೆ ಹೊತ್ತಿತೆಂದರೆ, ಆ ಕ್ಷಣದಿಂದ ಇಂಜಿನಿನ ಆಯುಷ್ಯವನ್ನು ನಿಮಿಷಗಳಲ್ಲಿ ಎಣಿಸಬೇಕು.

ಈ ದೀಪದ ಬಗೆಗೆ ಇರುವ ಅತ್ಯಂತ ದೊಡ್ಡ ತಪ್ಪು ತಿಳಿವಳಿಕೆಯೆಂದರೆ, ಅದು ಎಣ್ಣೆ ಮುಗಿದಿದೆಯೆಂದು ಹೇಳುತ್ತದೆ ಎಂಬುದು. ಎಣ್ಣೆ ಎಷ್ಟಿದೆಯೆಂಬುದು ಅದಕ್ಕೆ ಗೊತ್ತೇ ಇಲ್ಲ. ಅಳತೆ ಕಡ್ಡಿಯನ್ನು ಹೊರಗೆಳೆದು ನೋಡಿದಾಗ ತಿಳಿಯುವುದು ಎಣ್ಣೆಯ ಪ್ರಮಾಣ. ದೀಪ ಹೇಳುವುದು ಎಣ್ಣೆಯ ಒತ್ತಡ. ಕಡ್ಡಿಯ ಮೇಲಿನ ಗುರುತಿನವರೆಗೆ ಎಣ್ಣೆ ತುಂಬಿದ್ದೂ ಒತ್ತಡ ಶೂನ್ಯವಾಗಿರಬಹುದು. ‘ಎಣ್ಣೆ ಇದೆಯಲ್ಲ, ಇನ್ನೇಕೆ ಚಿಂತೆ?’ ಎಂದು ಹೊರಟವರ ಇಂಜಿನುಗಳು ರಸ್ತೆಯ ಪಕ್ಕದಲ್ಲಿ ಸ್ತಬ್ಧವಾಗಿ ನಿಂತಿರುವುದು ಈ ಒಂದು ವ್ಯತ್ಯಾಸವನ್ನು ಅರಿಯದೆ. ಆದುದರಿಂದ ಒತ್ತಡವೆಂದರೇನು, ಅದು ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಮೊದಲು ನೋಡುವುದು ಒಳ್ಳೆಯದು. ಅದು ತಿಳಿದರೆ ರಿಪೇರಿಯ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಎತ್ತಿನ ಗಾಡಿಯ ಕಾಲದಿಂದಲೂ ತಿರುಗುವ ವಸ್ತುವಿಗೆ ಎಣ್ಣೆ ಬೇಕೆಂಬುದನ್ನು ನಾವು ಬಲ್ಲೆವು. ಗಾಡಿಯ ಅಡಿಯಲ್ಲಿ ತೂಗುತ್ತಿದ್ದ ಬಿದಿರಿನ ಗೊಟ್ಟದಲ್ಲಿ ಹರಳೆಣ್ಣೆಗೆ ಕರಿ ಕಲಸಿದ ಕೀಲೆಣ್ಣೆ ಇರುತ್ತಿತ್ತು. ಅಚ್ಚಿಗೆ ಅದನ್ನು ಬಳಿದರೆ ಒಂದು ಸಂತೆಗೆ ಹೋಗಿಬರುವವರೆಗೆ ಚಕ್ರ ಕಿರುಗುಟ್ಟದೆ ಉರುಳುತ್ತಿತ್ತು. ಗಾಡಿಯ ಚಕ್ರಕ್ಕೆ ಅವಸರವಿಲ್ಲ. ಬಳಿದ ಎಣ್ಣೆ ಬಳಿದಲ್ಲೇ ಇರುತ್ತದೆ. ಕಾರಿನ ಇಂಜಿನಿನ ಮುಖ್ಯ ಅಚ್ಚು, ಅಂದರೆ ಕ್ರ್ಯಾಂಕ್ ಶಾಫ್ಟು, ಹೆದ್ದಾರಿಯ ಸಾಮಾನ್ಯ ವೇಗದಲ್ಲಿಯೇ ನಿಮಿಷಕ್ಕೆ 3000 ಸುತ್ತು ಹಾಕುತ್ತದೆ; ಸೆಕೆಂಡಿಗೆ 50 ಸುತ್ತು. 5 ಸೆಂಟಿಮೀಟರ್ ವ್ಯಾಸದ ಉಕ್ಕಿನ ಕಂಬವೊಂದು ಈ ವೇಗದಲ್ಲಿ ತಿರುಗಿದರೆ ಅದರ ಮೈ ಸೆಕೆಂಡಿಗೆ ಸುಮಾರು 8 ಮೀಟರಿನಂತೆ ಬೇರಿಂಗಿನ ಒಳಮೈಯನ್ನು ಹಾದುಹೋಗುತ್ತದೆ. ಇದರ ಜೊತೆಗೆ ಪ್ರತಿ ಸಿಲಿಂಡರಿನಲ್ಲಿ ಇಂಧನ ಉರಿದಾಗಲೂ ಪಿಸ್ಟನ್ನಿನ ಮೂಲಕ ಒಂದು ಸುತ್ತಿಗೆಯ ಪೆಟ್ಟು. ಎರಡು ಲೋಹಗಳು ಇಲ್ಲಿ ಪರಸ್ಪರ ತಾಗುವುದೇ ಆದರೆ ಕೆಲವು ನಿಮಿಷಗಳಲ್ಲಿ ಕಾದು, ಕರಗಿ, ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ತಾಗದಂತೆ ನಡುವೆ ನಿಂತಿರುವುದು ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪೊರೆ.

ಈ ಪೊರೆಯ ಬಲ ಎಷ್ಟೆಂಬುದು ತಿಳಿದುಬಂದ ಕಥೆ ಸ್ವಾರಸ್ಯವಾಗಿದೆ. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಇಂಜಿನಿಯರು ಅಲ್ಲಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆಗಾಗಿ ಬೇರಿಂಗುಗಳ ಘರ್ಷಣೆಯನ್ನು ಪರೀಕ್ಷಿಸುತ್ತಿದ್ದ. ರೈಲು ಗಾಡಿಯಲ್ಲಿರುವಂತೆಯೇ ತಿರುಗುವ ಅಚ್ಚು, ಅದರ ಮೇಲೆ ಭಾರ ಹೊತ್ತು ಕುಳಿತ ಹಿತ್ತಾಳೆಯ ಬೇರಿಂಗು, ಅಡಿಯಲ್ಲಿ ಎಣ್ಣೆಯ ತೊಟ್ಟಿ. ಮೇಲಿನಿಂದಲೂ ಎಣ್ಣೆ ಬಿಡೋಣವೆಂದು ಬೇರಿಂಗಿನ ನೆತ್ತಿಯಲ್ಲಿ ಆತ ಒಂದು ರಂಧ್ರ ಕೊರೆದ. ಯಂತ್ರವನ್ನು ನಡೆಸಿದಾಗ ಎಣ್ಣೆ ಒಳಗಿಳಿಯುವ ಬದಲು ರಂಧ್ರದಿಂದ ಹೊರಗೆ ಉಕ್ಕಿತು. ಬೆಣೆ ಬಡಿದರೆ ಬೆಣೆಯನ್ನೇ ಮೆಲ್ಲನೆ ಹೊರದಬ್ಬಿತು. ಕೊನೆಗೆ ಆತ ಒತ್ತಡ ಮಾಪಕವನ್ನು ಜೋಡಿಸಿದ. ಚದರ ಅಂಗುಲಕ್ಕೆ 200 ಪೌಂಡಿನವರೆಗೆ ತೋರಿಸಬಲ್ಲ ಆ ಮಾಪಕವೂ ಸಾಲದಾಯಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು, ಬೆಣೆಯಂತೆ ತೂರಿಸಿ, ಅದರ ಮೇಲೆ ತೇಲುತ್ತದೆಯೆಂಬುದು ಹೀಗೆ ಕಣ್ಣಿಗೆ ಬಿತ್ತು. ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟ. ಇಂದಿಗೂ ಬೇರಿಂಗುಗಳ ವಿನ್ಯಾಸ ನಿಂತಿರುವುದು ಆ ಸಮೀಕರಣದ ಮೇಲೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಇಂಜಿನಿನ ಭಾರವನ್ನು ಹೊರುವುದು ಪಂಪಿನ ಒತ್ತಡವಲ್ಲ. ಬೇರಿಂಗಿನೊಳಗೆ ಪೊರೆಯಲ್ಲಿ ಹುಟ್ಟುವ ಒತ್ತಡ ಪಂಪು ಕೊಡುವ ಒತ್ತಡದ ನೂರು ಪಟ್ಟನ್ನೂ ಮೀರಬಹುದು. ಹಾಗಾದರೆ ಪಂಪಿನ ಕೆಲಸವೇನು? ಬಡಿಸುವುದು. ಬೇರಿಂಗಿಗೆ ಬಂದ ಎಣ್ಣೆ ಎರಡು ಅಂಚುಗಳಿಂದ ಸತತವಾಗಿ ಹೊರಗೆ ಜಾರುತ್ತಿರುತ್ತದೆ, ಜಾರುವಾಗ ಅಲ್ಲಿನ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಜಾರಿದಷ್ಟನ್ನು ತುಂಬಿಕೊಡಬೇಕು. ಊಟದ ಪಂಕ್ತಿಯಲ್ಲಿ ಬಡಿಸುವವನು ಎಲ್ಲ ಎಲೆಗಳಿಗೂ ಒದಗುತ್ತಿದ್ದಾನೆಯೇ ಎಂಬುದಕ್ಕೆ ಗುರುತು ಪಂಕ್ತಿಯ ಕೊನೆಯ ಎಲೆ. ಎಣ್ಣೆಯ ಒತ್ತಡವೂ ಅಂಥದೇ ಒಂದು ಗುರುತು. ಒತ್ತಡ ಕುಸಿಯಿತೆಂದರೆ ಯಾವುದೋ ಬೇರಿಂಗಿನ ಎಲೆ ಬರಿದಾಗುತ್ತಿದೆಯೆಂದೇ ಅರ್ಥ.

ಎಣ್ಣೆಯ ಪ್ರಯಾಣವನ್ನು ತಿಳಿಯಲು ನಮ್ಮ ಅಂಬಾಸಡರ್ ಕಾರಿಗಿಂತ ಒಳ್ಳೆಯ ಪಾಠಪುಸ್ತಕವಿಲ್ಲ. 1950ರ ದಶಕದ ಕೊನೆಯಿಂದ 2014ರವರೆಗೆ ಕಲ್ಕತ್ತೆಯ ಬಳಿಯ ಉತ್ತರಪಾರದಲ್ಲಿ ತಯಾರಾದ ಈ ಕಾರು ಸರ್ಕಾರಿ ಅಧಿಕಾರಿಗಳನ್ನೂ ಬಾಡಿಗೆಯ ಪ್ರಯಾಣಿಕರನ್ನೂ ಸಮಾನವಾಗಿ ಹೊತ್ತಿತು. ಅದರಲ್ಲಿ ಬಹುಕಾಲ ಇದ್ದುದು 1489 ಸಿ.ಸಿ.ಯ, ಬ್ರಿಟನ್ನಿನ ಬಿ-ಸೀರೀಸ್ ಎಂಬ ವಂಶದ ಪೆಟ್ರೋಲ್ ಇಂಜಿನು. ಅದರ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ. ಪುಸ್ತಕಗಳು ಅದನ್ನು ಸಂಪು ಎನ್ನುತ್ತವೆ. ಬೆಂಗಳೂರಿನಲ್ಲಿ ಸಂಪೆಂದರೆ ಮನೆಯ ಮುಂದಿನ ನೀರಿನ ತೊಟ್ಟಿಯೆಂದಾಗಿಬಿಟ್ಟಿರುವುದರಿಂದಲೋ ಏನೋ, ನಮ್ಮ ಮೆಕ್ಯಾನಿಕ್ಕುಗಳು ಅದನ್ನು ಚೇಂಬರ್ ಎಂದೇ ಕರೆಯುತ್ತಾರೆ. ಚೇಂಬರಿನಲ್ಲಿ ಮುಳುಗಿರುವ ಜಾಲರಿಯ ಮೂಲಕ ಪಂಪು ಎಣ್ಣೆಯನ್ನು ಹೀರುತ್ತದೆ, ಫಿಲ್ಟರಿಗೆ ಕಳುಹಿಸುತ್ತದೆ. ಅಲ್ಲಿಂದ ಎಣ್ಣೆ ಇಂಜಿನಿನ ಒಡಲಿನುದ್ದಕ್ಕೂ ಕೊರೆದ ಮುಖ್ಯ ಕಾಲುವೆಗೆ ಬರುತ್ತದೆ. ಕಾಲುವೆಯಿಂದ ಮೇನ್ ಬೇರಿಂಗುಗಳಿಗೆ, ಅಲ್ಲಿಂದ ಕ್ರ್ಯಾಂಕಿನೊಳಗೇ ಕೊರೆದ ರಂಧ್ರಗಳ ಮೂಲಕ ಬಿಗ್ ಎಂಡ್ ಬೇರಿಂಗುಗಳಿಗೆ, ಮತ್ತೊಂದು ಕವಲಿನಲ್ಲಿ ಮೇಲೇರಿ ವಾಲ್ವುಗಳನ್ನು ಒತ್ತುವ ರಾಕರುಗಳಿಗೆ. ಎಲ್ಲ ಮುಗಿದ ಮೇಲೆ ತನ್ನ ಭಾರದಿಂದಲೇ ಮತ್ತೆ ಚೇಂಬರಿಗೆ ಇಳಿಯುತ್ತದೆ. ಹೊಸ ಕಾರುಗಳಲ್ಲಿ ಪಂಪಿನ ಜಾಗ ಬದಲಾಗಿದೆ, ಕವಲುಗಳು ಹೆಚ್ಚಿವೆ. ದಾರಿ ಮಾತ್ರ ಇದೇ.

ಇಲ್ಲಿ ಗಮನಿಸಬೇಕಾದ ತಥ್ಯವೊಂದಿದೆ. ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ. ಅದು ಹುಟ್ಟಿಸುವುದು ಹರಿವನ್ನು ಮಾತ್ರ. ಸುತ್ತಿಗೆ ಇಷ್ಟು ಎಂಬ ಲೆಕ್ಕದಲ್ಲಿ ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೆ. ಹರಿವಿಗೆ ಎದುರಾಗುವ ಅಡೆತಡೆಯಿಂದ ಒತ್ತಡ ಹುಟ್ಟುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದರೆ ನೀರು ದೂರಕ್ಕೆ ಚಿಮ್ಮುತ್ತದೆ. ಬೆರಳು ತೆಗೆದರೆ ಅದೇ ನೀರು ಕಾಲ ಬಳಿಯೇ ಸುರಿಯುತ್ತದೆ. ಇಂಜಿನಿನಲ್ಲಿ ಆ ಹೆಬ್ಬೆರಳಿನ ಕೆಲಸ ಮಾಡುವುದು ಬೇರಿಂಗಿಗೂ ಅಚ್ಚಿಗೂ ನಡುವಿನ ಕಿರಿದಾದ ಸಂದು. ಆ ಸಂದು ಒಂದು ಮಿಲಿಮೀಟರಿನ ನೂರರ ಐದು ಭಾಗದ ಸುತ್ತಮುತ್ತ ಇರುತ್ತದೆ. ಸವೆದು ಅದು ಎರಡರಷ್ಟಾದರೆ ಸೋರಿಕೆ ಎರಡರಷ್ಟಾಗುತ್ತದೆಂದು ತೋರಬಹುದು. ಹಾಗಲ್ಲ, ಸೋರಿಕೆ ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಎಂಟರಷ್ಟಾಗುತ್ತದೆ. ಮಿಲಿಮೀಟರಿನ ನೂರರ ಕೆಲವು ಭಾಗದಷ್ಟು ಸವೆತ ಇಡೀ ಇಂಜಿನಿನ ಒತ್ತಡವನ್ನು ಕಸಿದುಕೊಳ್ಳುವುದು ಈ ಗಣಿತದಿಂದ.

ಒತ್ತಡ ಇಳಿಯುವುದಕ್ಕೆ ಇನ್ನೊಂದು ಕಾರಣ ಎಣ್ಣೆಯೇ ನೀರಾಗುವುದು. 20ಡಬ್ಲ್ಯೂ-50 ಎಂದು ಡಬ್ಬದ ಮೇಲೆ ಬರೆದಿರುವ ಎಣ್ಣೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಮಂದವಾಗಿರುತ್ತದೆಯೋ 100 ಡಿಗ್ರಿಯಲ್ಲಿ ಅದರ ಒಂಬತ್ತನೆಯ ಒಂದು ಭಾಗದಷ್ಟು ಮಾತ್ರ ಮಂದವಾಗಿರುತ್ತದೆ. ಬೆಳಗಿನ ತಂಪಿನಲ್ಲಿ ಶೆಡ್ಡಿನಿಂದ ಹೊರಟಾಗ ಒತ್ತಡ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಕಾರಿನ ನಿಜವಾದ ಆರೋಗ್ಯ ಗೊತ್ತಾಗುವುದು ಮಧ್ಯಾಹ್ನದ ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡಿ ಬಂದು ಸಿಗ್ನಲ್ಲಿನಲ್ಲಿ ನಿಂತಾಗ. ಆಗ ಎಣ್ಣೆ ಅತ್ಯಂತ ತೆಳು, ಪಂಪಿನ ಸುತ್ತು ಅತ್ಯಂತ ಕಡಮೆ.

ಈಗ ದೀಪಕ್ಕೆ ಬರೋಣ. ಬಾಡಿಗೆ ಕಾರಿನ ಚಾಲಕನೊಬ್ಬ ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿಯನ್ನು ಹತ್ತುತ್ತಿದ್ದಾನೆಂದು ಇಟ್ಟುಕೊಳ್ಳಿ. ಹಿಂದಿನ ಸೀಟಿನಲ್ಲಿ ಕೊಟ್ಟಿಗೆಹಾರಕ್ಕೆ ಬೇಗ ತಲುಪಬೇಕಾದ ಕುಟುಂಬ. ತಿರುವಿನಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ‘ಇನ್ನೇನು, ಮೇಲಕ್ಕೆ ಹೋದರೆ ಗ್ಯಾರೇಜಿದೆ’ ಎಂಬ ಯೋಚನೆ ಸಹಜವೇ. ಇದು ಆ ಕಾರಿನ ಭವಿಷ್ಯ ನಿರ್ಧಾರವಾಗುವ ಕ್ಷಣ. ಬಹುಶಃ ಆ ಚಾಲಕನ ಮುಂದಿನ ಕೆಲವು ತಿಂಗಳ ಸಂಪಾದನೆಯದೂ ಹೌದು. ಸರಿಯಾದ ಉತ್ತರ ಒಂದೇ: ವೇಗ ತಗ್ಗಿಸಿ, ಸುರಕ್ಷಿತವಾದ ಅಂಚಿಗೆ ಕಾರನ್ನು ತಂದು ನಿಲ್ಲಿಸಿ, ತಕ್ಷಣ ಇಂಜಿನನ್ನು ಆರಿಸುವುದು. ಈ ಅನುಕ್ರಮ ಮುಖ್ಯ. ಕಾರು ಉರುಳುತ್ತಿರುವಾಗಲೇ ಇಂಜಿನನ್ನು ಆರಿಸಿದರೆ ಬ್ರೇಕಿಗೂ ಸ್ಟೀರಿಂಗಿಗೂ ದೊರೆಯುವ ನೆರವು ನಿಂತುಹೋಗುತ್ತದೆ. ಕೀಲಿಯನ್ನು ಪೂರ್ತಿ ಹೊರಗೆಳೆದರೆ ಸ್ಟೀರಿಂಗೇ ಬೀಗ ಹಾಕಿಕೊಳ್ಳುತ್ತದೆ. ಘಾಟಿಯಲ್ಲಿ ಇಂಜಿನನ್ನು ಉಳಿಸಲು ಹೋಗಿ ಪ್ರಾಣವನ್ನು ಕಳೆದುಕೊಳ್ಳಬಾರದು. ಆದರೆ ನಿಂತ ಮೇಲೆ ಒಂದು ಕ್ಷಣವೂ ಇಂಜಿನನ್ನು ಓಡಲು ಬಿಡಬಾರದು. ಕ್ಯಾಬಿನ್ನಿನಲ್ಲಿ ತಣ್ಣನೆಯ ಗಾಳಿ ಬರುತ್ತಿರಲಿ ಎಂದು ಪ್ರಯಾಣಿಕರು ಕೇಳಿಕೊಂಡರೂ ಬಿಡಬಾರದು.

ಆಮೇಲೆ ಬಾನೆಟ್ಟನ್ನು ಎತ್ತಿ ಐದು ನಿಮಿಷ ಕಾಯಬೇಕು. ಮೇಲೇರಿದ ಎಣ್ಣೆ ಚೇಂಬರಿಗೆ ಇಳಿದುಬರಲು ಅಷ್ಟು ಸಮಯ ಬೇಕು. ಅಳತೆ ಕಡ್ಡಿಯನ್ನು ತೆಗೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ, ತೆಗೆದು ನೋಡಬೇಕು. ನೆಲ ಸಮತಟ್ಟಾಗಿಲ್ಲದಿದ್ದರೆ ಕಡ್ಡಿ ಸುಳ್ಳು ಹೇಳುತ್ತದೆ. ಘಾಟಿಯಲ್ಲಿ ಇದು ನೆನಪಿರಲಿ. ಎಣ್ಣೆ ಕೆಳಗಿನ ಗುರುತಿಗಿಂತ ತೀರ ಕಡಮೆಯಿದ್ದರೆ, ತಿರುವಿನಲ್ಲಿ ಅದು ಒಂದು ಬದಿಗೆ ಸರಿದು ಜಾಲರಿ ಗಾಳಿಯನ್ನು ಹೀರಿರುತ್ತದೆ. ತಿರುವಿನಲ್ಲೋ, ಬಲವಾಗಿ ಬ್ರೇಕು ಹಾಕಿದಾಗಲೋ ಮಾತ್ರ ಮಿನುಗುವ ದೀಪಕ್ಕೆ ಬಹುತೇಕ ಇದೇ ಕಾರಣ. ಕಾರಿನ ಅಡಿಯನ್ನೂ ಬಗ್ಗಿ ನೋಡಬೇಕು. ಎಣ್ಣೆ ಧಾರೆಯಾಗಿ ಸುರಿಯುತ್ತಿದ್ದರೆ, ತುಂಬಿಸಿ ಪ್ರಯೋಜನವಿಲ್ಲ. ಸೋರಿಕೆಯಿಲ್ಲದಿದ್ದರೆ ಅದೇ ದರ್ಜೆಯ ಎಣ್ಣೆಯನ್ನು ಗುರುತಿನವರೆಗೆ ಹಾಕಿ ಚಾಲೂ ಮಾಡಿ ನೋಡಬಹುದು. ಕೆಲವು ಸೆಕೆಂಡುಗಳಲ್ಲಿ ದೀಪ ಆರಿ, ಇಂಜಿನಿನಲ್ಲಿ ಹೊಸ ಸದ್ದೇನೂ ಇಲ್ಲದಿದ್ದರೆ ನಿಧಾನವಾಗಿ ಮುಂದುವರಿಯಬಹುದು. ಆರದಿದ್ದರೆ, ಅಥವಾ ಎಣ್ಣೆ ಮೊದಲೇ ಸರಿಯಾಗಿದ್ದರೆ, ಆ ಕಾರು ಮುಂದೆ ಹೋಗಬೇಕಾದುದು ಇನ್ನೊಂದು ವಾಹನದ ಹಿಂದೆ ಹಗ್ಗದಲ್ಲಿ, ಇಲ್ಲವೆ ಲಾರಿಯ ಮೇಲೆ.

ಕಡ್ಡಿಯಲ್ಲಿ ಅಂಟಿ ಬಂದ ಎಣ್ಣೆಯೂ ಮಾತಾಡಬಲ್ಲದು. ಮೂಸಿ ನೋಡಿದಾಗ ಪೆಟ್ರೋಲಿನ ವಾಸನೆ ಬಂದರೆ ಇಂಧನ ಎಣ್ಣೆಯಲ್ಲಿ ಬೆರೆತು ಅದನ್ನು ತೆಳುವಾಗಿಸಿದೆಯೆಂದು ತಿಳಿಯಬೇಕು. ಹಳೆಯ ಕಾರುಗಳಲ್ಲಿ ಇಂಜಿನಿನ ಒಡಲಿಗೆ ಅಂಟಿಸಿದ್ದ ಪೆಟ್ರೋಲ್ ಪಂಪಿನ ಪರದೆ ಹರಿದರೆ ಹೀಗಾಗುತ್ತಿತ್ತು. ಹೊಸ ಡೀಸೆಲ್ ಕಾರುಗಳಲ್ಲಿ ಇದೇ ರೋಗ ಬೇರೆ ವೇಷದಲ್ಲಿ ಬಂದಿದೆ: ಹೊಗೆಯ ಮಸಿಯನ್ನು ಹಿಡಿದಿಡುವ ಸೋಸಕವನ್ನು ಸುಟ್ಟು ಶುಚಿ ಮಾಡಲು ಹೆಚ್ಚುವರಿ ಡೀಸೆಲನ್ನು ಸಿಂಪಡಿಸಬೇಕಾಗುತ್ತದೆ; ಊರೊಳಗೇ ಚಿಕ್ಕ ಚಿಕ್ಕ ಓಡಾಟ ಮಾಡುವ ಕಾರಿನಲ್ಲಿ ಅದರ ಒಂದು ಪಾಲು ಸಿಲಿಂಡರಿನ ಗೋಡೆಯಿಂದಿಳಿದು ಎಣ್ಣೆಗೆ ಸೇರುತ್ತದೆ. ಅಂಥ ಕಾರಿನಲ್ಲಿ ಎಣ್ಣೆಯ ಮಟ್ಟ ಇಳಿಯುವ ಬದಲು ಏರುತ್ತದೆ. ಏರಿದ್ದನ್ನು ಕಂಡು ಸಂತೋಷಪಡುವವರೂ ಇದ್ದಾರೆ! ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಟ್ಟ ಮೇಲಿನ ಗುರುತನ್ನು ಬಹಳ ದಾಟಿದ್ದರೆ ಕ್ರ್ಯಾಂಕು ಅದನ್ನು ಕಡೆದು ನೊರೆಯೆಬ್ಬಿಸುತ್ತದೆ. ನೊರೆಯನ್ನು ಹೀರಿದ ಪಂಪಿನಿಂದ ಒತ್ತಡ ಬರುವುದಿಲ್ಲ.

ಗ್ಯಾರೇಜಿಗೆ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ, ನನ್ನ ಅಭಿಪ್ರಾಯದಲ್ಲಿ ಯಾವ ಚರ್ಚೆಗೂ ಅವಕಾಶವಿಲ್ಲದ ಕೆಲಸ, ಅಳೆಯುವುದು. ದೀಪವನ್ನು ಹೊತ್ತಿಸುವುದು ಇಂಜಿನಿನ ಪಕ್ಕದಲ್ಲಿ ತಿರುಚಿ ಕೂರಿಸಿದ ಒಂದು ಪುಟ್ಟ ಸ್ವಿಚ್ಚು. ಅದು ಅಗ್ಗದ ವಸ್ತು, ಕೆಡುವ ವಸ್ತು. ಅದರ ಪರದೆ ಸೋರಬಹುದು, ತಂತಿ ಸವೆದು ಇಂಜಿನಿನ ಮೈಗೆ ತಾಗಬಹುದು. ಇಂಜಿನಿನಲ್ಲಿ ಯಾವ ದೋಷವೂ ಇಲ್ಲದೆ ದೀಪ ಹೊತ್ತಿಕೊಂಡಿರುವುದು ಅಪರೂಪವೇನಲ್ಲ. ಸ್ವಿಚ್ಚನ್ನು ಬಿಚ್ಚಿ ಅದೇ ರಂಧ್ರಕ್ಕೆ ಮುಳ್ಳಿನ ಮಾಪಕವನ್ನು ಜೋಡಿಸಿ, ಇಂಜಿನು ಚೆನ್ನಾಗಿ ಬಿಸಿಯಾದ ಮೇಲೆ ನೋಡಿದರೆ ಹತ್ತು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ಮಾಪಕವನ್ನೇ ಹಾಕದೆ ‘ಇಂಜಿನ್ ಬಿಚ್ಚಬೇಕು’ ಎಂದು ಹೇಳುವ ಗ್ಯಾರೇಜಿನಿಂದ ಕಾರನ್ನು ಎಳೆಸಿಕೊಂಡು ಹೋಗುವುದೇ ಮೇಲು. ಹಾಗೆಯೇ, ಮಾಪಕ ಹಾಕದೆ ‘ಬರೀ ಸ್ವಿಚ್ಚು, ಏನಾಗಲ್ಲ’ ಎನ್ನುವ ಧೈರ್ಯವಂತನನ್ನೂ ನಂಬಬಾರದು.

ಮುಳ್ಳು ಎಷ್ಟು ತೋರಿಸಬೇಕು? ಆಯಾ ಕಾರಿನ ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿಯೇ ಪ್ರಮಾಣ. ಸ್ಥೂಲವಾಗಿ, ಬಿಸಿಯಾದ ಇಂಜಿನು ನಿಧಾನಗತಿಯಲ್ಲಿ ಓಡುತ್ತಿರುವಾಗ ಚದರ ಅಂಗುಲಕ್ಕೆ 10 ಪೌಂಡಿಗಿಂತ ಮೇಲೆ, ಹೆದ್ದಾರಿಯ ವೇಗದಲ್ಲಿ 40ರಿಂದ 60 ಪೌಂಡು ಇರುವುದು ಆರೋಗ್ಯದ ಲಕ್ಷಣ. ಟೈರಿಗೆ ನಾವು ತುಂಬಿಸುವ ಗಾಳಿ 30 ಪೌಂಡಿನ ಆಸುಪಾಸೆಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಸಾವಿರ ಸುತ್ತಿಗೆ 10 ಪೌಂಡು ಎಂಬುದು ಕಾರ್ಖಾನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಲೆಕ್ಕ. ಇಲ್ಲೊಂದು ಅಹಿತಕರ ಸಂಗತಿಯನ್ನು ಹೇಳಬೇಕು. ದೀಪದ ಸ್ವಿಚ್ಚು ಕೆಲಸ ಮಾಡುವುದು ಒತ್ತಡ 3ರಿಂದ 7 ಪೌಂಡಿಗೆ ಇಳಿದಾಗ. ಅಂದರೆ ಹೆದ್ದಾರಿಯಲ್ಲಿ 50 ಪೌಂಡು ಇರಬೇಕಾದ ಕಡೆ 12 ಪೌಂಡು ಇದ್ದರೂ ದೀಪ ಮೌನವಾಗಿರುತ್ತದೆ. ದೀಪ ಆರಿರುವುದು ಆರೋಗ್ಯದ ಪ್ರಮಾಣಪತ್ರವಲ್ಲ. ಹೊತ್ತಿದ ದೀಪ ಮಾತ್ರ ಕೊನೆಯ ಎಚ್ಚರಿಕೆ.

ಮಾಪಕವೂ ಕಡಮೆಯೆಂದೇ ತೋರಿಸಿತೆನ್ನಿ. ಆಗ ಸುಲಭವಾದುದರಿಂದ ಕಷ್ಟದ ಕಡೆಗೆ ಹೋಗಬೇಕು. ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಿ ಮತ್ತೆ ಅಳೆಯುವುದು ಮೊದಲ ಹೆಜ್ಜೆ. ತೆಗೆದ ಫಿಲ್ಟರನ್ನು ಎಸೆಯದೆ ಕತ್ತರಿಸಿ ಅದರ ಕಾಗದವನ್ನು ಬಿಸಿಲಿನಲ್ಲಿ ಬಿಡಿಸಿ ನೋಡಬೇಕು. ಅಲ್ಲಿ ಬೆಳ್ಳಿಯ ಇಲ್ಲವೆ ತಾಮ್ರದ ಪುಡಿ ಮಿನುಗಿದರೆ ಬೇರಿಂಗುಗಳು ಕರಗುತ್ತಿವೆಯೆಂದು ಇಂಜಿನನ್ನು ಬಿಚ್ಚದೆಯೇ ಗೊತ್ತಾಗುತ್ತದೆ. ಎರಡನೆಯದು ಒತ್ತಡ ಮಿತಿಮೀರದಂತೆ ಹೆಚ್ಚಿನ ಎಣ್ಣೆಯನ್ನು ಹಿಂದಕ್ಕೆ ಬಿಡುವ ವಾಲ್ವು. ಒಂದು ಸ್ಪ್ರಿಂಗು, ಅದರ ತುದಿಯಲ್ಲೊಂದು ಪುಟ್ಟ ಪಿಸ್ಟನ್; ನಡುವೆ ಕಸ ಸಿಕ್ಕಿಕೊಂಡು ಅದು ತೆರೆದೇ ನಿಂತರೆ ಎಣ್ಣೆಯೆಲ್ಲ ಚೇಂಬರಿಗೇ ವಾಪಸಾಗುತ್ತದೆ. ಬಿ-ಸೀರೀಸ್ ಇಂಜಿನಿನಲ್ಲಿ ಇದು ಒಡಲಿನ ಪಕ್ಕದಲ್ಲಿ ಒಂದು ಗುಮ್ಮಟದಂಥ ನಟ್ಟಿನ ಹಿಂದೆ ಕುಳಿತಿದೆ. ಒಂದು ಸ್ಪ್ಯಾನರಿನಿಂದ ಬಿಚ್ಚಿ, ತೊಳೆದು, ಸ್ಪ್ರಿಂಗಿನ ಉದ್ದವನ್ನು ಅಳೆದು ಮತ್ತೆ ಹಾಕಬಹುದು. ಹೊಸ ಕಾರುಗಳಲ್ಲಿ ಅದನ್ನು ಪಂಪಿನೊಳಗೇ ಅಡಗಿಸಿಟ್ಟಿರುವುದು ಪ್ರಗತಿಯೆಂದು ನನಗೆ ತೋರುವುದಿಲ್ಲ.

ಮೂರನೆಯದು ಚೇಂಬರು. ನಮ್ಮ ರಸ್ತೆಗಳ ಹಂಪುಗಳು ಈ ವಿಷಯದಲ್ಲಿ ವಿಶೇಷ ಕೊಡುಗೆ ನೀಡಿವೆ. ತುಂಬಿದ ಕಾರು ಎತ್ತರದ ಹಂಪನ್ನು ದಾಟುವಾಗ ಚೇಂಬರಿನ ತಳ ಬಡಿದು ಒಳಕ್ಕೆ ತಗ್ಗುತ್ತದೆ. ಎಣ್ಣೆ ಒಂದು ತೊಟ್ಟೂ ಸೋರಿರುವುದಿಲ್ಲ, ಆದರೆ ತಗ್ಗಿದ ತಗಡು ಹೀರುವ ಜಾಲರಿಯ ಬಾಯನ್ನು ಮುಚ್ಚಿರುತ್ತದೆ. ವೇಗ ಏರಿದಂತೆ ಒತ್ತಡ ಏರದೆ ಕುಸಿಯುವುದು ಇದರ ಲಕ್ಷಣ. ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸದ ಇಂಜಿನಿನಲ್ಲಿ ಅದೇ ಜಾಲರಿಯನ್ನು ಕಪ್ಪು ರಾಡಿ ಮುಚ್ಚುತ್ತದೆ. ಗ್ಯಾಸ್ಕೆಟ್ಟಿಗೆ ಬದಲಾಗಿ ಧಾರಾಳವಾಗಿ ಬಳಿದ ಸಿಲಿಕೋನ್ ಅಂಟಿನ ಎಳೆಗಳು ಒಳಗೆ ಬಿದ್ದು ಮುಚ್ಚಿದ್ದನ್ನೂ ಕಾಣಬಹುದು. ಯೂರೋಪಿನ ಕೆಲವು ಆಧುನಿಕ ಸಣ್ಣ ಇಂಜಿನುಗಳಲ್ಲಿ ಟೈಮಿಂಗ್ ಬೆಲ್ಟನ್ನು ಎಣ್ಣೆಯೊಳಗೇ ಓಡಿಸಿದ್ದಾರೆ. ಆ ಬೆಲ್ಟಿನ ರಬ್ಬರು ಉದುರಿ ಜಾಲರಿ ಕಟ್ಟಿಕೊಂಡು ಇಂಜಿನುಗಳು ಹಾಳಾಗಿವೆ. ಜಾಲರಿಯಿಂದ ಪಂಪಿಗೆ ಹೋಗುವ ನಳಿಗೆಯ ರಬ್ಬರ್ ಉಂಗುರ ಗಟ್ಟಿಯಾಗಿ ಬಿರುಕು ಬಿಟ್ಟರೆ ಪಂಪು ಎಣ್ಣೆಯ ಜೊತೆಗೆ ಗಾಳಿಯನ್ನೂ ಹೀರುತ್ತದೆ. ಚೇಂಬರನ್ನು ಬಿಚ್ಚಿದಾಗ ಇವನ್ನೆಲ್ಲ ಒಮ್ಮೆಗೇ ನೋಡಿಬಿಡಬೇಕು. ಪಂಪಿನ ಹಲ್ಲುಗಳ ಸವೆತವನ್ನೂ ಆಗಲೇ ಅಳೆಯಬಹುದು.

ಇಷ್ಟೂ ಸರಿಯಿದ್ದರೆ ಉಳಿಯುವುದು ಬೇರಿಂಗು. ಬಿಸಿಯಾಗಿ ನಿಂತಾಗ ಮಾತ್ರ ದೀಪ ಮಿನುಗುವುದು, ಸ್ವಲ್ಪ ಆಕ್ಸಲರೇಟರು ಒತ್ತಿದರೆ ಆರುವುದು, ಭಾರ ಎಳೆಯುವಾಗ ಇಂಜಿನಿನ ತಳದಿಂದ ಗಡಸಾದ ಬಡಿತ ಕೇಳಿಬರುವುದು – ಇವು ಸವೆದ ಬೇರಿಂಗಿನ ಹಳೆಯ ಪರಿಚಿತ ಲಕ್ಷಣಗಳು. ಬೇರಿಂಗಿನ ಟೊಪ್ಪಿಯನ್ನು ಬಿಚ್ಚಿ ನೋಡಿದಾಗ ಬೂದು ಬಣ್ಣದ ಮೃದುವಾದ ಮೇಲ್ಪದರ ಹೋಗಿ ಅಡಿಯ ತಾಮ್ರವರ್ಣ ಕಂಡರೆ ಸಂಶಯಕ್ಕೆ ಎಡೆಯಿಲ್ಲ. ಆದರೆ ಹೊಸ ಬೇರಿಂಗನ್ನು ಕೂರಿಸಿಬಿಟ್ಟರೆ ಕೆಲಸ ಮುಗಿಯಿತೆಂದಲ್ಲ. ಕ್ರ್ಯಾಂಕಿನ ಕುತ್ತಿಗೆಗಳನ್ನು ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ ಅಳೆಯಬೇಕು. ಅವು ಗೀರುಬಿದ್ದಿದ್ದರೆ, ಇಲ್ಲವೆ ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಗ್ರೈಂಡಿಂಗ್ ಯಂತ್ರಕ್ಕೆ ಕೊಟ್ಟು ಕಾಲು ಮಿಲಿಮೀಟರು ಉಜ್ಜಿಸಿ, ಅದೇ ಅಳತೆಯಷ್ಟು ದಪ್ಪನಾದ ಬೇರಿಂಗನ್ನು ಹುಡುಕಬೇಕು. ಹಳೆಯ ಕಾರಿನ ಇಂಥ ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಅಲೆದವರು ಬಹಳ ಮಂದಿ. ಅಲ್ಲಿ ಎರಡು ಅಂಗಡಿ ಹೆಚ್ಚಾಗಿ ಅಲೆದಾದರೂ ಸರಿಯಾದ ಅಳತೆಯದನ್ನೇ ತರಬೇಕು; ಮಿಲಿಮೀಟರಿನ ನೂರರ ಭಾಗಗಳ ಲೆಕ್ಕವನ್ನು ಆಗಲೇ ಹೇಳಿದ್ದೇನೆ.

ಇಷ್ಟು ಶ್ರಮವನ್ನೂ ವೆಚ್ಚವನ್ನೂ ತಪ್ಪಿಸಿಕೊಳ್ಳುವ ಅಡ್ಡದಾರಿಗಳು ಬೇಕಾದಷ್ಟಿವೆ. ಕೈಪಿಡಿ ಹೇಳಿದ್ದಕ್ಕಿಂತ ಮಂದವಾದ ಎಣ್ಣೆಯನ್ನು ಹಾಕುವುದು ಮೊದಲನೆಯದು. ವಾಲ್ವಿನ ಸ್ಪ್ರಿಂಗಿನ ಹಿಂದೆ ವಾಷರು ತುರುಕುವುದು ಇನ್ನೊಂದು. ಮಂದ ಎಣ್ಣೆಯಿಂದ ಮುಳ್ಳು ಮೇಲೇರುವುದು ನಿಜ. ಸವೆದ ಬೇರಿಂಗು ಸವೆದೇ ಇರುತ್ತದೆಂಬುದೂ ನಿಜ. ಹಳೆಯ ಅಂಬಾಸಡರಿನಲ್ಲಿ ಇದು ಕೆಲವು ಸಾವಿರ ಮೈಲಿಗಳ ಕಾಲಹರಣವಾದರೂ ಆದೀತು. 0ಡಬ್ಲ್ಯೂ-20ರಂಥ ನೀರಿನಂತಹ ಎಣ್ಣೆಗೆಂದೇ ರೂಪಿಸಿದ ಇಂದಿನ ಇಂಜಿನಿನಲ್ಲಿ ಅದೇ ಉಪಾಯ ಹೊಸ ತೊಂದರೆಗಳನ್ನು ತರುತ್ತದೆ. ಅಲ್ಲಿ ವಾಲ್ವುಗಳ ಸಮಯವನ್ನು ಹಿಂದುಮುಂದು ಮಾಡುವುದೂ, ಟೈಮಿಂಗ್ ಚೈನನ್ನು ಬಿಗಿಯುವುದೂ ಎಣ್ಣೆಯ ಒತ್ತಡವೇ. ಟರ್ಬೊ ಇರುವ ಕಾರಿನಲ್ಲಂತೂ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಒಂದು ಅಚ್ಚು ಇದೇ ಎಣ್ಣೆಯ ಮೇಲೆ ತೇಲುತ್ತಿರುತ್ತದೆ.

ಎಲ್ಲಕ್ಕಿಂತ ಕೆಟ್ಟ ಅಡ್ಡದಾರಿ ದೀಪದ ತಂತಿಯನ್ನೇ ಕಿತ್ತುಬಿಡುವುದು. ಹಳೆಯ ಕಾರನ್ನು ಕೊಳ್ಳುವವರು ಇದನ್ನು ತಿಳಿದಿರಬೇಕು. ಕೀಲಿಯನ್ನು ಒಂದು ಹಂತ ಮಾತ್ರ ತಿರುಗಿಸಿ, ಇಂಜಿನನ್ನು ಚಾಲೂ ಮಾಡದೆ ಫಲಕವನ್ನು ನೋಡಿ. ಎಣ್ಣೆಯ ಗಿಂಡಿ ಕೆಂಪಗೆ ಹೊತ್ತಬೇಕು. ಹೊತ್ತದಿದ್ದರೆ ಯಾರೋ ಏನನ್ನೋ ಮುಚ್ಚಿಟ್ಟಿರಬಹುದು. ಇನ್ನೂ ಜಾಣರಾದವರು ಅದನ್ನು ಬ್ಯಾಟರಿ ಚಾರ್ಜಿನ ದೀಪದ ತಂತಿಗೆ ಜೋಡಿಸಿಬಿಡುತ್ತಾರೆ. ಆಗ ಎರಡೂ ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತವೆ. ಆದುದರಿಂದ ಕಾರನ್ನು ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಮಾಪಕವನ್ನು ಹಾಕಿಸಿ ನೋಡುವುದಕ್ಕೆ ಮಾರುವವನು ಒಪ್ಪುತ್ತಾನೆಯೇ ಎಂದು ಕೇಳಿ. ಅವನ ಮುಖಭಾವವೂ ಒಂದು ಮಾಪಕವೇ.

ರಿಪೇರಿಯಾದ ಇಂಜಿನನ್ನು ಮೊದಲ ಸಲ ಚಾಲೂ ಮಾಡುವಾಗ ಅವಸರ ಕೂಡದು. ಜೋಡಿಸುವಾಗಲೇ ಬೇರಿಂಗುಗಳಿಗೆ ಎಣ್ಣೆ ಸವರಿರಬೇಕು. ನಿಲುವಾಗಿ ಕೂರುವ ಫಿಲ್ಟರಾದರೆ ಅದನ್ನೂ ಎಣ್ಣೆ ತುಂಬಿಸಿಯೇ ಹಾಕಬೇಕು. ಪೆಟ್ರೋಲ್ ಇಂಜಿನಾದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಕಿಡಿಯನ್ನೂ ಇಂಧನವನ್ನೂ ತಡೆದು, ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪವೇ ಸುತ್ತಿಸುತ್ತ, ನಡುನಡುವೆ ಸ್ಟಾರ್ಟರಿಗೆ ವಿರಾಮ ಕೊಡುತ್ತ, ಮಾಪಕದ ಮುಳ್ಳನ್ನೇ ನೋಡುತ್ತಿರಬೇಕು. ಮೊದಲು ಅದು ಅಲುಗುವುದಿಲ್ಲ; ಪಂಪು ಖಾಲಿ ಕಾಲುವೆಗಳನ್ನು ತುಂಬಿಸುತ್ತಿರುತ್ತದೆ. ಆಮೇಲೆ ಮುಳ್ಳು ಒಮ್ಮೆ ನಡುಗಿ ಮೇಲೇಳುತ್ತದೆ, ಫಲಕದಲ್ಲಿ ಕೆಂಪು ದೀಪ ಆರುತ್ತದೆ. ಪ್ಲಗ್ಗುಗಳನ್ನು ಹಾಕುವುದು ಅದಾದ ಮೇಲೆ.